ಅವ್ವನಿಗೆ ಬೇಗ ಕಿಡ್ನಿ ಸಿಗಲಿ ಅಂತ ಬೇಡಿಕೊಳ್ಳುವುದು ಸರಿಯಾ?

ಬೆಟಗೇರಿಯ ಮಗಳು:

ಎಲ್ಲರಿಗೂ ವಂದನೆಗಳು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಅವ್ವನಿಗೆ 58 ವರ್ಷ. ಎರಡೂ ಕಿಡ್ನಿ ಕೈಕೊಟ್ಟಿವೆ. ಸೋಮವಾರ, ಬುಧವಾರ, ಶುಕ್ರವಾರ ನಸುಕಿನಲ್ಲಿ ಎದ್ದು ಹುಬ್ಬಳ್ಳಿಗೆ ಹೋಗುತ್ತೇವೆ. ನಾಲ್ಕು ತಾಸು ಡಯಾಲಿಸಿಸ್. ಅವ್ವನ ರಕ್ತ ಓ ಗುಂಪು, ನನ್ನದು ಬಿ. ತಮ್ಮನಿಗೆ ಆಗಲೇ ಸಕ್ಕರೆ ಕಾಯಿಲೆ, ಅವನು ಕೊಡುವ ಹಾಗಿಲ್ಲ. ಅಪ್ಪ ತೀರಿಕೊಂಡಿದ್ದಾರೆ. ಹಾಗಾಗಿ ಜೀವಸಾರ್ಥಕತೆಯ, ಅಂದರೆ ಮಿದುಳು ಸತ್ತವರ ಅಂಗಗಳನ್ನು ಕಾಯುವವರಿಗೆ ಹಂಚುವ ರಾಜ್ಯದ ಸಂಸ್ಥೆಯ, ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದೇವೆ. ಇದು ಮೂರನೇ ವರ್ಷ.

ರಾತ್ರಿ ಊಟಕ್ಕೆ ಮುಂಚೆ ಮನೆಯಲ್ಲಿ ಪ್ರಾರ್ಥನೆ ಮಾಡುತ್ತೇವೆ. ಮೊದಲೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ. ಕರ್ತನೇ, ಬೇಗ ಒಂದು ಕಿಡ್ನಿ ಕೊಡು.

ಹೋದ ತಿಂಗಳು ಅಣ್ಣಿಗೇರಿ ದಾಟಿದ ಮೇಲೆ ರಸ್ತೆಯಲ್ಲಿ ಒಂದು ಬೈಕು ಬಿದ್ದಿತ್ತು. ಪಕ್ಕದಲ್ಲಿ ಒಂದೇ ಚಪ್ಪಲಿ. ಜನ ಸೇರಿದ್ದರು. ಬಸ್ಸಿನಲ್ಲಿದ್ದವರೆಲ್ಲ ಅಯ್ಯೋ ಅಂದರು. ನನ್ನ ಮನಸ್ಸಿಗೆ ಮೊದಲು ಬಂದದ್ದು, ಆ ಹುಡುಗನ ರಕ್ತ ಯಾವ ಗುಂಪೋ ಅಂತ. ಅವ್ವ ಪಕ್ಕದಲ್ಲೇ ಕೂತು ಕಣ್ಣು ಮುಚ್ಚಿ ಅವನಿಗಾಗಿ ಪ್ರಾರ್ಥಿಸುತ್ತಿದ್ದಳು.

ಅವತ್ತಿನಿಂದ ನನಗೆ ಬಾಯಿ ತೆರೆದು ಬೇಡಲು ಆಗುತ್ತಿಲ್ಲ. ಚರ್ಚಿನ ಸಭೆಯಲ್ಲಿ ಎಲ್ಲರೂ ‘ದೇವರ ವೇಳೆ ಬಂದಾಗ ಆಗುತ್ತದೆ, ಕಾದುಕೊಂಡಿರು’ ಅನ್ನುತ್ತಾರೆ. ಆದರೆ ನಮ್ಮ ಆ ವೇಳೆ ಇನ್ನೊಂದು ಮನೆಯ ಸಾವಿನ ವೇಳೆ ಅಲ್ವಾ? ಬಾಗಿಲ ಹತ್ತಿರ ಬ್ಯಾಗು ತುಂಬಿಟ್ಟಿದ್ದೇನೆ. ಫೋನು ಸೈಲೆಂಟ್ ಮಾಡುವುದೇ ಇಲ್ಲ. ಒಳಗೆ ಮಾತ್ರ ಯಾವುದೂ ಸಿದ್ಧವಾಗಿಲ್ಲ. ಏನಂತ ಪ್ರಾರ್ಥಿಸಲಿ?

ಹಳೆ ಹುಬ್ಬಳ್ಳಿ:

ತಂಗೀ, ನಾನೂ ಅದೇ ಪಟ್ಟಿಯಲ್ಲಿದ್ದವನು. ನನಗೆ ಕಿಡ್ನಿ ಸಿಕ್ಕಿದ್ದು ಮೂರನೇ ಕರೆಯಲ್ಲಿ. ಒಂದು ಕಿಡ್ನಿಗೆ ಒಬ್ಬರಿಗಿಂತ ಜಾಸ್ತಿ ಜನರನ್ನು ಕರೆದು ರಕ್ತ ತಾಳೆ ನೋಡುತ್ತಾರೆ. ಮೊದಲ ಸಲ ಬೆಳಗಿನ ಜಾವದವರೆಗೆ ಕೂತು, ಹೊಂದಲಿಲ್ಲ ಅಂತ ವಾಪಸ್ ಬಂದೆ. ಎರಡನೇ ಸಲ ಎಲ್ಲ ಹೊಂದಿತ್ತು, ಆದರೆ ನನಗೆ ಜ್ವರ. ಹಲ್ಲಿನ ಬೇರಿನಲ್ಲಿ ಕೀವು ಆಗಿತ್ತು. ನೋವಿದ್ದರೂ ಆರು ತಿಂಗಳಿಂದ ಸುಮ್ನೆ ಮುಂದೂಡುತ್ತಾ ಬಂದಿದ್ದೆ. ಕಿಡ್ನಿ ಇನ್ನೊಬ್ಬರಿಗೆ ಹೋಯಿತು.

ಬೈಬಲಿನ ಮತ್ತಾಯ 25ರಲ್ಲಿ ದೀಪ ಹಿಡಿದು ಮದಲಿಂಗನಿಗೆ ಕಾದ ಹತ್ತು ಕನ್ಯೆಯರ ಕತೆ ಆಮೇಲೆಯೇ ನನಗೆ ಅರ್ಥವಾಯಿತು. ಮದಲಿಂಗ ತಡ ಮಾಡಿದಾಗ ಹತ್ತೂ ಜನ ನಿದ್ದೆ ಹೋದರು, ಬುದ್ಧಿವಂತೆಯರೂ ಸಹ. ನಿದ್ದೆಗೆ ಯಾರೂ ಬೈಸಿಕೊಳ್ಳಲಿಲ್ಲ. ಮದಲಿಂಗ ಬಂದಾಗ ದೀಪಕ್ಕೆ ಎಣ್ಣೆ ಇತ್ತೋ ಇಲ್ಲವೋ ಅನ್ನುವುದಷ್ಟೇ ಪ್ರಶ್ನೆ. ಆದ್ದರಿಂದ ನೀನು ದಣಿದದ್ದಕ್ಕೆ ಹೆದರಬೇಡ. ಅವ್ವನ ಹಲ್ಲು ತೋರಿಸಿದ್ದೀಯಾ? ಹೆಪಟೈಟಿಸ್ ಬಿ ಲಸಿಕೆ ಪೂರ್ತಿ ಆಗಿದೆಯಾ? ನೀರು ಅಳತೆಯಲ್ಲೇ ಕುಡಿಯುತ್ತಾಳಾ? ಇವೂ ಎಣ್ಣೆಯೇ. ನಾನು ಇವನ್ನು ಪ್ರಾರ್ಥನೆಯಿಂದ ಬೇರೆ ಅಂದುಕೊಂಡಿದ್ದೆ.

ನಿವೃತ್ತ ಮೇಷ್ಟ್ರು:

ನನ್ನ ಅಪ್ಪ ಹತ್ತಿ ಮಿಲ್ಲಿನಲ್ಲಿ ರಾತ್ರಿ ಕಾವಲುಗಾರರಾಗಿದ್ದರು. ಬೈಬಲಿನ 130ನೇ ಕೀರ್ತನೆಯಲ್ಲಿ ಬೆಳಗನ್ನು ಎದುರು ನೋಡುವ ಕಾವಲುಗಾರನ ಮಾತು ಬರುತ್ತದೆ. ಅದನ್ನು ಓದುವಾಗಲೆಲ್ಲ ಅಪ್ಪ ನೆನಪಾಗುತ್ತಾರೆ. ಬೆಳಗು ಬೇಗ ಆಗಲಿ ಅಂತ ಅವರು ಒದ್ದಾಡುತ್ತಿರಲಿಲ್ಲ. ತಾಸಿಗೊಮ್ಮೆ ಎದ್ದು ಗೋದಾಮು ಸುತ್ತಿ ಬರುತ್ತಿದ್ದರು. ಬೇಡಲು ಮಾತು ಬಾರದ ದಿನ ಕೀರ್ತನೆಯನ್ನೇ ಓದಮ್ಮಾ. ಅದೂ ಪ್ರಾರ್ಥನೆಯೇ.

ಮೈಸೂರಿನ ತಾಯಿ:

ನಾನು ಅಂಗ ದಾನ ಕೊಟ್ಟ ಮನೆಯವಳು. ಉತ್ತರ ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನನ್ನ ಮಗನಿಗೆ 22 ವರ್ಷ. ಬೈಕಿನಿಂದಲೇ ಬಿದ್ದದ್ದು. ಮಿದುಳು ಸತ್ತಿದೆ ಅಂತ ಖಚಿತ ಮಾಡಲು ನಾಲ್ಕು ಜನ ಡಾಕ್ಟರು ಇರುತ್ತಾರೆ. ಎರಡು ಸಲ ಪರೀಕ್ಷೆ, ನಡುವೆ ಕನಿಷ್ಠ ಆರು ಗಂಟೆ. ಆ ಆರು ಗಂಟೆ ನಾವೂ ಕಾದೆವು. ಎರಡನೇ ಪರೀಕ್ಷೆ ಬೇರೆ ಮಾತು ಹೇಳಲಿ ಅಂತ ನಾನು ನೆಲಕ್ಕೆ ಹಣೆ ಹಚ್ಚಿ ಬೇಡಿಕೊಂಡೆ. ಹೇಳಲಿಲ್ಲ. ಆಮೇಲೆ ಸಹಿ ಹಾಕಿದೆವು. ಎರಡು ಕಿಡ್ನಿ, ಲಿವರ್, ಕಣ್ಣು. ಯಾರಿಗೆ ಹೋದವು ಅಂತ ನಮಗೆ ಹೇಳುವುದಿಲ್ಲ.

ಮಗಳೇ, ನಿನ್ನ ಅವ್ವನಿಗೆ ಬೇಕಾಗಿತ್ತು ಅಂತ ದೇವರು ನನ್ನ ಮಗನನ್ನು ಕರೆದುಕೊಂಡ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನೀನೂ ಒಪ್ಪಬೇಡ. ನೀನು ಬೇಡಿದ್ದರಿಂದ ಅವನು ಬೀಳಲಿಲ್ಲ, ಬೇಡದಿದ್ದರೆ ಉಳಿಯುತ್ತಲೂ ಇರಲಿಲ್ಲ. ದೇವರು ಆ ಆರು ಗಂಟೆ ನನ್ನ ಪಕ್ಕದಲ್ಲಿ ಕೂತಿದ್ದ ಅನ್ನುವುದು ಮಾತ್ರ ನನಗೆ ಗೊತ್ತು. ಅಷ್ಟನ್ನೇ ನಂಬಿಕೊಂಡು ನಡೆಯುತ್ತಿದ್ದೇನೆ.

ಪ್ರಾರ್ಥನೆ ಏನಂತ ಕೇಳಿದೆಯಲ್ಲ, ಹೀಗೆ ಬೇಡಿಕೋ. ಎಲ್ಲೋ ಒಂದು ಆಸ್ಪತ್ರೆಯ ವರಾಂಡದಲ್ಲಿ ಈ ಹೊತ್ತು ಒಬ್ಬ ತಾಯಿ ಕೂತಿರುತ್ತಾಳೆ. ಅವಳ ಮಗ ಎದ್ದು ಮನೆಗೆ ಹೋಗಲಿ ಅಂತ ಮೊದಲು ಬೇಡು. ಅದು ಆಗದೇ ಹೋದರೆ ಅವಳಿಗೆ ಆ ಸಹಿ ಹಾಕುವ ಬಲ ಬರಲಿ ಅಂತ ಬೇಡು. ನನಗಾಗಿ ಯಾರೋ ಹಾಗೆ ಬೇಡಿರಬೇಕು. ಇಲ್ಲದಿದ್ದರೆ ಆ ಪೆನ್ನು ನನ್ನ ಕೈಯಲ್ಲಿ ನಿಲ್ಲುತ್ತಿರಲಿಲ್ಲ.

ಬೆಟಗೇರಿಯ ಮಗಳು:

ಅಮ್ಮಾ, ನಿಮ್ಮ ಉತ್ತರವನ್ನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅರ್ಧಕ್ಕೆ ನನ್ನ ದನಿ ನಿಂತಿತು. ಅವ್ವ ಫೋನು ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಉಳಿದದ್ದನ್ನು ತಾನೇ ಓದಿದಳು. ಬಸ್ಸಿನಲ್ಲಿ ನನ್ನ ಮನಸ್ಸಿಗೆ ಬಂದ ಮಾತನ್ನೂ ಅವಳಿಗೆ ಹೇಳಿಬಿಟ್ಟೆ. ಏನೂ ಅನ್ನಲಿಲ್ಲ, ಕೈ ಹಿಡಿದುಕೊಂಡಳು.

ಅಣ್ಣಾ, ಹಲ್ಲು ತೋರಿಸಿರಲಿಲ್ಲ. ಗುರುವಾರ ಕರೆದುಕೊಂಡು ಹೋಗುತ್ತೇನೆ.

ಇವತ್ತು ರಾತ್ರಿ ನಾನೇ ಪ್ರಾರ್ಥನೆ ಮಾಡಿದೆ. ಮೊದಲು ವರಾಂಡದಲ್ಲಿ ಕೂತ ತಾಯಿಗೆ, ಆಮೇಲೆ ಅಣ್ಣಿಗೇರಿಯ ಆ ಹುಡುಗನಿಗೆ. ಕೊನೆಗೆ ಅವ್ವನಿಗೆ. ನಾಳೆ ಬುಧವಾರ, ನಾಲ್ಕೂವರೆಗೆ ಏಳಬೇಕು.