ಹಗಲು ಉಬುಂಟು, ರಾತ್ರಿ ವ್ಯಾಲರಂಟ್: ಈ ಪಾರ್ಟ್ಸ್ ಪಟ್ಟಿ ಸರಿ ಇದೆಯಾ?

ತುಂಗಾತೀರ:
ನಮಸ್ಕಾರ ಎಲ್ಲರಿಗೂ. ಶಿವಮೊಗ್ಗದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ಹಗಲೆಲ್ಲ ಉಬುಂಟು ಲಿನಕ್ಸ್, ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್, ಜೊತೆಗೆ ಎರಡು ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗಿನ ಕಂಪ್ಯೂಟರ್). ರಾತ್ರಿ ಊಟ ಆದ ಮೇಲೆ ಗೆಳೆಯರ ಜೊತೆ ವಿಂಡೋಸ್‌ನಲ್ಲಿ ವ್ಯಾಲರಂಟ್ ಆಟ. ಈಗಿರುವುದು ಏಳು ವರ್ಷದ ಲ್ಯಾಪ್‌ಟಾಪ್. ಡಾಕರ್ ಶುರು ಮಾಡಿದರೆ ಫ್ಯಾನ್ ಸದ್ದಿಗೆ ಒಳಗಿಂದ ಅಮ್ಮ "ಈಗ ಮಿಕ್ಸಿ ಯಾಕೋ ಹಾಕಿದೆ" ಅಂತಾರೆ.

ಹೊಸ ಡೆಸ್ಕ್‌ಟಾಪ್ ಜೋಡಿಸಲು ನನ್ನ ಪಟ್ಟಿ: ರೈಝನ್ 5 7500ಎಫ್ ಪ್ರೊಸೆಸರ್, ವೈಫೈ ಇರುವ ಬಿ650 ಬೋರ್ಡ್, 8 ಜಿಬಿಯ ನಾಲ್ಕು ಡಿಡಿಆರ್5 ರ್ಯಾಮ್ ಸ್ಟಿಕ್, ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಒಂದು, 550 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಮನೆಯಲ್ಲಿ 600 ವಿಎ ಯುಪಿಎಸ್ ಇದೆ. ಮುಂದಿನ ವಾರ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ತರೋಣ ಅಂತಿದ್ದೇನೆ. ಏನಾದರೂ ತಪ್ಪಿದ್ದರೆ ಈಗಲೇ ಬೈಯಿರಿ.

ಹಳೇಮದರ್‌ಬೋರ್ಡ್:
ಬೈಯುವಂಥದ್ದೇನಿಲ್ಲ. ಆದರೆ ಮೂರು ಕಡೆ ಕೈ ಹಾಕಬೇಕು.

ಮೊದಲು ರ್ಯಾಮ್. ನಾಲ್ಕು ಸ್ಟಿಕ್ ಬೇಡ, 16 ಜಿಬಿಯ ಎರಡು ತಗೊಳ್ಳಿ. ಈ ಪ್ರೊಸೆಸರ್‌ಗಳನ್ನು ಮಾಡುವ ಎಎಂಡಿ ಹೇಳುವ ರ್ಯಾಮ್ ವೇಗ ಎರಡು ಸ್ಟಿಕ್ ಇದ್ದರೆ 5200, ನಾಲ್ಕಿದ್ದರೆ 3600. ನಾಲ್ಕೂ ಸ್ಲಾಟ್ ತುಂಬಿಸಿದರೆ ನೋಡಲು ಚಂದ, ಅಷ್ಟೇ. 2025ರ ಕೊನೆಯಿಂದ ರ್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ, ಹಾಗಾಗಿ ಎರಡನೇ ಸಲ ಕೊಳ್ಳುವ ಹಾಗೆ ಮಾಡಿಕೊಳ್ಳಬೇಡಿ.

ಎರಡನೆಯದು ಪ್ರೊಸೆಸರ್. 7500ಎಫ್ ಒಳಗೆ ಗ್ರಾಫಿಕ್ಸ್ ಇಲ್ಲ, 7600ರಲ್ಲಿ ಇದೆ. ನನಗೊಮ್ಮೆ ಉಬುಂಟು ಕರ್ನಲ್ (ಅದರ ತಿರುಳು) ಅಪ್‌ಡೇಟ್ ಆದ ಮೇಲೆ ಕಾರ್ಡಿನ ಡ್ರೈವರ್ ಕೈಕೊಟ್ಟಿತು. ಒಂಬತ್ತು ಗಂಟೆಗೆ ಮೀಟಿಂಗ್, ಎಂಟೂಮುಕ್ಕಾಲಿಗೆ ಕಪ್ಪು ಪರದೆ. ಮಾನಿಟರ್ ಕೇಬಲ್ ಕಿತ್ತು ಬೋರ್ಡಿಗೆ ಚುಚ್ಚಿದೆ, ಕೆಲಸ ನಡೆಯಿತು. ಸಂಬಳ ಕೊಡುವ ಕಂಪ್ಯೂಟರ್ ಅಲ್ವಾ, ಅಷ್ಟು ಜಾಸ್ತಿ ಕೊಟ್ಟರೆ ನಷ್ಟವಿಲ್ಲ.

ಮೂರನೆಯದೇ ಮುಖ್ಯ. ಡಿಸ್ಕ್ ಎರಡು ಬೇಕು. 1 ಟಿಬಿ ಒಂದರ ಬದಲು 500 ಜಿಬಿಯ ಎರಡಾದರೂ ಸರಿ. ಉಬುಂಟು ಇನ್‌ಸ್ಟಾಲರ್ ಎಷ್ಟೋ ಸಲ ತನ್ನ ಬೂಟ್ ಫೈಲುಗಳನ್ನು ಮೊದಲು ಕಂಡ, ಬೂಟ್‌ಗೆಂದೇ ಮೀಸಲಾದ ಇಎಫ್‌ಐ ಪಾರ್ಟಿಶನ್‌ಗೇ ಹಾಕಿಬಿಡುತ್ತದೆ, ಅಂದರೆ ವಿಂಡೋಸ್ ಡಿಸ್ಕಿಗೆ. ಆಮೇಲೆ ವಿಂಡೋಸ್ ಅಳಿಸಿದರೆ ಉಬುಂಟು ಕೂಡ ಏಳುವುದಿಲ್ಲ. ಹಾಗಾಗಿ ಒಂದು ಎಸ್‌ಎಸ್‌ಡಿ ಹಾಕಿ ವಿಂಡೋಸ್ ಮುಗಿಸಿ. ಅದನ್ನು ಬಿಚ್ಚಿಟ್ಟು, ಇನ್ನೊಂದು ಹಾಕಿ ಉಬುಂಟು ಮಾಡಿ. ಕೊನೆಗೆ ಎರಡನ್ನೂ ಕೂರಿಸಿ. ಯಾವುದು ಬೇಕೋ ಬೂಟ್ ಮೆನುವಿನಲ್ಲಿ ಆರಿಸಿಕೊಳ್ಳಿ.

ಎಸ್‌ಪಿರೋಡ್_ಅಲೆಮಾರಿ:
ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಯಾರೂ ಮಾತಾಡಲಿಲ್ಲ. ಗುರು, ನಿಮಗೆ ಕುಡಾ (ಎನ್‌ವಿಡಿಯಾ ಕಾರ್ಡಿನಲ್ಲಿ ಲೆಕ್ಕಾಚಾರ ಮಾಡಿಸುವ ಸಾಫ್ಟ್‌ವೇರ್) ಬೇಕಾ? ಮೆಷೀನ್ ಲರ್ನಿಂಗ್ ಕೆಲಸ ಏನಾದರೂ?

ತುಂಗಾತೀರ:
ಇಲ್ಲ. ಬರೀ ವೆಬ್ ಬ್ಯಾಕೆಂಡ್.

ಎಸ್‌ಪಿರೋಡ್_ಅಲೆಮಾರಿ:
ಹಾಗಿದ್ದರೆ ಎನ್‌ವಿಡಿಯಾ ಬಿಡಿ. ಕಾರ್ಡ್ ಕೆಟ್ಟದ್ದು ಅಂತಲ್ಲ. ನಿಮ್ಮ ಆಟ ವ್ಯಾಲರಂಟ್, ತೊಡಕು ಅಲ್ಲಿದೆ. ಮೋಸ ತಡೆಯುವ ಅದರ ವ್ಯಾನ್‌ಗಾರ್ಡ್ ಲಿನಕ್ಸ್‌ನಲ್ಲಿ ಓಡುವುದೇ ಇಲ್ಲ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಹಾಕಿದರೂ ಅಷ್ಟೇ. ವಿಂಡೋಸ್ 11ರಲ್ಲಿ ಓಡಲು ಟಿಪಿಎಂ 2.0 (ಭದ್ರತಾ ಕೀ ಇಡುವ ಭಾಗ) ಮತ್ತು ಸೆಕ್ಯೂರ್ ಬೂಟ್ (ಡಿಜಿಟಲ್ ಸಹಿ ಇರುವುದನ್ನು ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ) ಎರಡೂ ಆನ್ ಇರಬೇಕು. ಟಿಪಿಎಂ ನಿಮ್ಮ ಪ್ರೊಸೆಸರ್‌ನಲ್ಲೇ ಇದೆ. ಸೆಕ್ಯೂರ್ ಬೂಟ್ ಆನ್ ಇಟ್ಟಮೇಲೆ ಉಬುಂಟುವಿನಲ್ಲಿ ಎನ್‌ವಿಡಿಯಾ ಡ್ರೈವರ್‌ಗೆ ಸಹಿ ಬೇಕು. ಇನ್‌ಸ್ಟಾಲ್ ಆಗುವಾಗ ಎಷ್ಟೋ ಸಲ ಒಂದು ಪಾಸ್‌ವರ್ಡ್ ಕೇಳುತ್ತದೆ, ರೀಬೂಟ್ ಆದಾಗ ನೀಲಿ ಪರದೆಯಲ್ಲಿ ಅದನ್ನೇ ಹೊಡೆದು ಕೀ ಸೇರಿಸಬೇಕು. ಆಗದ ಕೆಲಸವಲ್ಲ. ಆದರೆ ಜನ ಆ ಪರದೆ ನೋಡಿ ಗಾಬರಿಯಾಗಿ ದಾಟಿಸಿಬಿಡುತ್ತಾರೆ, ಆಮೇಲೆ ಡ್ರೈವರ್ ಲೋಡ್ ಆಗಿಲ್ಲ ಅಂತ ಇಲ್ಲಿ ಬಂದು ಕೇಳುತ್ತಾರೆ.

ಎಎಂಡಿಯ ರೇಡಿಯಾನ್ ಕಾರ್ಡುಗಳ ಡ್ರೈವರ್ ಲಿನಕ್ಸ್ ಕರ್ನಲ್ ಒಳಗೇ ಇರುತ್ತದೆ, ಈ ರಗಳೆ ಇಲ್ಲ. ಆರ್‌ಎಕ್ಸ್ 9060 ಎಕ್ಸ್‌ಟಿ, 16 ಜಿಬಿಯದ್ದು ನೋಡಿ. ಹೊಸ ಕಾರ್ಡ್, ಹಾಗಾಗಿ ಉಬುಂಟು ಹಳೆಯದು ಹಾಕಬೇಡಿ. 24.04.3 ಅಥವಾ ಅದಕ್ಕಿಂತ ಹೊಸದು ಇರಲಿ. ವರ್ಚುವಲ್ ಮಷೀನ್‌ಗೆ ವರ್ಚುವಲ್‌ಬಾಕ್ಸ್ ಬದಲು ಲಿನಕ್ಸ್‌ನಲ್ಲೇ ಇರುವ ಕೆವಿಎಂ ಬಳಸಿ. ವರ್ಚುವಲ್‌ಬಾಕ್ಸ್‌ಗೂ ಇದೇ ಸಹಿ ಗೋಳು.

550 ವ್ಯಾಟ್ ಸಾಕು. ಆದರೆ 600 ವಿಎ ಯುಪಿಎಸ್ ಅಂದರೆ ಸುಮಾರು 360 ವ್ಯಾಟ್. ಆಟದ ಮಧ್ಯೆ ಕರೆಂಟ್ ಹೋದರೆ ಮಾನಿಟರ್ ಸಮೇತ ತಡೆಯುವುದು ಕಷ್ಟ. 1000 ವಿಎ ತನ್ನಿ.

ಹಳೇಮದರ್‌ಬೋರ್ಡ್:
ಒಪ್ಪಿದೆ. ಒಂದು ಸಣ್ಣ ಮಾತು: ಬೋರ್ಡಿನ ವೈಫೈ ಲಿನಕ್ಸ್‌ನಲ್ಲಿ ತೊಂದರೆ ಕೊಟ್ಟರೆ ಇಂಟೆಲ್ ಎಎಕ್ಸ್210 ಕಾರ್ಡ್ ಹಾಕಬಹುದು. ಅಂಗಡಿಯವರು 211 ಕೊಟ್ಟರೆ ವಾಪಸ್ ಕೊಡಿ. ಅದು ಇಂಟೆಲ್ ಬೋರ್ಡುಗಳಲ್ಲಿ ಮಾತ್ರ ನಡೆಯುತ್ತದೆ.

ತುಂಗಾತೀರ (ಮೂರು ವಾರದ ನಂತರ):
ಯುಪಿಎಸ್ ಬಿಟ್ಟು ಎಲ್ಲ ನೀವು ಹೇಳಿದ ಹಾಗೇ ತಂದೆ. ಈಗಷ್ಟೇ ಜೋಡಿಸಿ ಬಟನ್ ಒತ್ತಿದೆ. ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು, ರ್ಯಾಮ್ ಪಕ್ಕ ಕಿತ್ತಳೆ ದೀಪ ಉರಿಯುತ್ತಿದೆ. ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಕೈ ನಡುಗುತ್ತಿದೆ ಮಾರಾಯ್ರೆ.

ಹಳೇಮದರ್‌ಬೋರ್ಡ್:
ಆಫ್ ಮಾಡಬೇಡಿ! ಮೊದಲ ಸಲ ಬೋರ್ಡ್ ಡಿಡಿಆರ್5 ರ್ಯಾಮ್ ಜೊತೆ ಹೊಂದಿಕೊಳ್ಳಲು ಕೆಲವು ನಿಮಿಷ ತಗೊಳ್ಳುತ್ತದೆ. ನೀವು ಆಫ್ ಮಾಡಿದಾಗೆಲ್ಲ ಮತ್ತೆ ಮೊದಲಿಂದ ಶುರು. ಆನ್ ಮಾಡಿ, ಹೋಗಿ ಕಾಫಿ ಕುಡಿದು ಬನ್ನಿ. ಹತ್ತು ಹದಿನೈದು ನಿಮಿಷ ಆದರೂ ಬರದಿದ್ದರೆ ಒಂದೇ ಸ್ಟಿಕ್ ಹಾಕಿ ನೋಡೋಣ.

ತುಂಗಾತೀರ:
ಬಂತು! ಕಾಫಿ ಇನ್ನೂ ಸೋಸಿರಲಿಲ್ಲ.

ತುಂಗಾತೀರ (ಎರಡು ದಿನದ ನಂತರ):
ಎರಡೂ ಓಡುತ್ತಿವೆ. ಆದರೆ ಉಬುಂಟು ಬಳಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ. ಇನ್ನೊಂದು, ವಿಂಡೋಸ್ ಡಿಸ್ಕಿನ ಡಿ ಡ್ರೈವ್ ಉಬುಂಟುವಿನಲ್ಲಿ ತೆರೆಯುತ್ತದೆ, ಬರೆಯಲು ಬಿಡುತ್ತಿಲ್ಲ.

ಎಸ್‌ಪಿರೋಡ್_ಅಲೆಮಾರಿ:
ಐದೂವರೆ ಗಂಟೆ ಅಂದಾಗಲೇ ಗೊತ್ತಾಯಿತು. ಬೋರ್ಡಿನ ಗಡಿಯಾರದಲ್ಲಿ ಉಬುಂಟು ಯುಟಿಸಿ (ಜಾಗತಿಕ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂದುಕೊಳ್ಳುತ್ತದೆ. ಉಬುಂಟು ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡಿಗೆ ಸೆಟ್-ಲೋಕಲ್-ಆರ್‌ಟಿಸಿ 1 ಕೊಡಿ (timedatectl set-local-rtc 1), ಆಗ ಉಬುಂಟು ಕೂಡ ಭಾರತದ ಸಮಯವನ್ನೇ ಇಡುತ್ತದೆ. ಇದು ಸರಿಯಲ್ಲ ಅಂತ ಅದು ಗೊಣಗುತ್ತದೆ, ಗೊಣಗಲಿ. ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ತಿರುಗಿಸುವ ದೇಶ ನಮ್ಮದಲ್ಲ.

ಡ್ರೈವ್‌ಗೆ ಕಾರಣ ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಅದಕ್ಕೇ ಲಿನಕ್ಸ್ ಅಲ್ಲಿ ಬರೆಯಲು ಹೋಗುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಆಫ್ ಮಾಡಿ. ಬಲವಂತವಾಗಿ ಮೌಂಟ್ ಮಾಡಲು ಮಾತ್ರ ಹೋಗಬೇಡಿ, ಫೈಲು ಕೆಡುತ್ತವೆ. ಹಾಗೇ ವಿಂಡೋಸ್ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಇದ್ದರೆ ರಿಕವರಿ ಕೀ ಈಗಲೇ ಬರೆದಿಟ್ಟುಕೊಳ್ಳಿ. ಬಯೋಸ್ (ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆದ ದಿನ ಅದು ಕೇಳಬಹುದು.

ತುಂಗಾತೀರ:
ಎರಡೂ ಸರಿಯಾಯಿತು, ಕೀ ಡೈರಿಯಲ್ಲಿ ಬರೆದೆ. ಯುಪಿಎಸ್ ಮಾತ್ರ ಇನ್ನೂ ಹಳೆಯದೇ. ನಿನ್ನೆ ಮಳೆಗೆ ಕರೆಂಟ್ ಹೋಯಿತು, ಆಟದ ಮಧ್ಯೆ ಧಪ್ ಅಂತ ಆರಿತು.

ಎಸ್‌ಪಿರೋಡ್_ಅಲೆಮಾರಿ:
ಹೇಳಿದ್ದೆ ತಾನೇ. ತರುವವರೆಗೆ ಮಾನಿಟರ್ ಪ್ಲಗ್ ಯುಪಿಎಸ್‌ನಿಂದ ತೆಗೆದು ಗೋಡೆಗೆ ಹಾಕಿ. ಮಳೆ ಬರುವಾಗ ಆಟ ಬೇಡ.