ಅಪ್‌ಡೇಟ್: ವಿಜ್ಞಾನ ಬಿಟ್ಟ ಹೆಣ್ಣುಮಕ್ಕಳ ಬಗ್ಗೆ ಅಧ್ಯಯನಕ್ಕೆ ಹಣ ಕೇಳಿದ್ದೆನಲ್ಲ

ಎಂಎಸ್ಸಿ ಮುಗಿಸಿದ ಹೆಣ್ಣುಮಕ್ಕಳು ಲ್ಯಾಬ್ ಯಾಕೆ ಬಿಡುತ್ತಾರೆ ಅಂತ ಅಧ್ಯಯನ ಮಾಡಬೇಕು, ಹಣ ಯಾರು ಕೊಡುತ್ತಾರೆ ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ತುಂಬಾ ಜನ ಹೇಳಿದ್ದು ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ಕಿರಣ್ ಯೋಜನೆ, ಈಗ ಅದರ ಹೆಸರು ವೈಸ್-ಕಿರಣ್. ಅದು ಒಳ್ಳೆಯದೇ, ಮದುವೆ, ಮಗು ಅಂತ ಕೆಲಸ ಬಿಟ್ಟವರನ್ನು ಮತ್ತೆ ಸಂಶೋಧನೆಗೆ ಕರೆತರುತ್ತದೆ. ಆದರೆ ಅಲ್ಲಿ ಹಣ ಸಿಗುವುದು ವಿಜ್ಞಾನ ಮಾಡುವ ಮಹಿಳೆಗೆ, ನನಗೆ ಬೇಕಿರುವುದು ಆಕೆ ಯಾಕೆ ಬಿಟ್ಟಳು ಅಂತ ಕೇಳುವುದಕ್ಕೆ. ಎರಡೂ ಬೇರೆ ಅಲ್ವಾ? ಬಿಎಸ್ಸಿ, ಎಂಎಸ್ಸಿಯಲ್ಲಿ ಈಗ ಅರ್ಧಕ್ಕಿಂತ ಜಾಸ್ತಿ ಹುಡುಗಿಯರೇ ಇದ್ದಾರೆ, ಪ್ರೊಫೆಸರ್ ಕುರ್ಚಿ ಹತ್ತಿರ ಬರುವಷ್ಟರಲ್ಲಿ ಅವರು ಕಾಣುವುದೇ ಇಲ್ಲ. ನಡುವೆ ಏನಾಯಿತು ಅನ್ನುವುದೇ ನನ್ನ ಪ್ರಶ್ನೆ.

ಮೊದಲ ಅರ್ಜಿ ತಿರಸ್ಕಾರವಾಯಿತು. ಒಂದು ಕಡೆ ‘ಇದು ಸಮಾಜಶಾಸ್ತ್ರ’ ಅಂದರು, ಇನ್ನೊಂದು ಕಡೆ ‘ಇದು ವಿಜ್ಞಾನದವರ ವಿಷಯ’ ಅಂದರು. ಬೇಜಾರಾಯಿತು, ನಿಜ.

ಆಮೇಲೆ ನಿಮ್ಮಲ್ಲೊಬ್ಬರು ಹೇಳಿದಂತೆ ಸಮಾಜ ವಿಜ್ಞಾನ ಸಂಶೋಧನೆಗೆ ಹಣ ಕೊಡುವ ಕೇಂದ್ರದ ಸಂಸ್ಥೆ ಐಸಿಎಸ್‌ಎಸ್‌ಆರ್‌ನ ಸಣ್ಣ ಯೋಜನೆಗೆ ಅರ್ಜಿ ಬರೆದೆ. ಅಮೆರಿಕದಲ್ಲಿ ವಿಜ್ಞಾನ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ ಎನ್‌ಎಸ್‌ಎಫ್ 2001ರಿಂದ ನಡೆಸಿದ ‘ಅಡ್ವಾನ್ಸ್’ ಅನ್ನುವ ಕಾರ್ಯಕ್ರಮದ ಬಗ್ಗೆ ಓದಿದ್ದು ಇಲ್ಲಿ ಕೈ ಹಿಡಿಯಿತು: ಅದು ಹೆಂಗಸರನ್ನು ತಿದ್ದಲು ಹೋಗಲಿಲ್ಲ, ಸಂಸ್ಥೆಯ ನೇಮಕಾತಿ, ಬಡ್ತಿಯ ಪದ್ಧತಿ ನೋಡಿತು. ನಮ್ಮಲ್ಲೂ 2020ರಲ್ಲಿ ಬಂದ ಡಿಎಸ್‌ಟಿಯ ‘ಗತಿ’ ಯೋಜನೆಯದ್ದು ಅದೇ ದಾರಿ. ಹಾಗಾಗಿ ನನ್ನ ಪ್ರಶ್ನೆಯನ್ನೂ ತಿರುಗಿಸಿದೆ: ಅವರು ಯಾಕೆ ಹೋದರು ಅನ್ನುವುದರ ಜೊತೆಗೆ, ಹೋಗುವಾಗ ವಿಭಾಗ ಏನು ಮಾಡಿತು?

ಫಲಿತಾಂಶ ಇನ್ನೂ ಬಂದಿಲ್ಲ. ಸುಮ್ನೆ ಕೂರಲಾಗದೆ ಸ್ವಂತ ಖರ್ಚಿನಲ್ಲೇ ಹೀಗೆ ಲ್ಯಾಬ್ ಬಿಟ್ಟ 6 ಮಂದಿಯನ್ನು ಮಾತಾಡಿಸಿದ್ದೇನೆ. ಮುಂದಿನ ವಾರ ಧಾರವಾಡಕ್ಕೆ ಹೋಗುತ್ತಿದ್ದೇನೆ.