ಸಹಾಯ ಬೇಕು: ಈ ಕಾಳುಮೆಣಸು ಎಲ್ಲಿಯದು ಅಂತ ಪತ್ತೆ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಅಂಗಡಿಯೊಂದರಿಂದ ಕಾಲು ಕೆಜಿ ಕಾಳುಮೆಣಸು ತಂದೆ. ಪ್ಯಾಕೆಟ್ ಮುಂದೆ ದಪ್ಪ ಅಕ್ಷರದಲ್ಲಿ ‘ಕೊಡಗಿನ ಮೆಣಸು’ ಅಂತಿದೆ, ಹಿಂದೆ ತಿರುಗಿಸಿದರೆ ಪ್ಯಾಕ್ ಮಾಡಿದವರ ವಿಳಾಸ ಮಾತ್ರ, ಬೆಳೆದ ಜಾಗದ ಸುದ್ದಿಯೇ ಇಲ್ಲ. ಕಾಳು ಎಣ್ಣೆ ಸವರಿದ ಹಾಗೆ ಮಿರಮಿರ ಮಿಂಚುತ್ತಿದೆ. ಕೈಗೆ ಜಿಡ್ಡು ಅಂಟುತ್ತದೆ, ಕುಟ್ಟಿದರೆ ಘಾಟೇ ಇಲ್ಲ. ಮೆಣಸಿಗೆ ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆಯುವ ಎಣ್ಣೆ) ಹಚ್ಚುವುದು ಹೊಸದೇನಲ್ಲ, ಅದಕ್ಕೇ ಭಯ. ಮನೆಯಲ್ಲಿ ಮಕ್ಕಳಿಗೆ ಕಷಾಯಕ್ಕೆ ಇದನ್ನೇ ಹಾಕುತ್ತೇವೆ.

ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ಬಂದು ನಮ್ಮದರ ಜೊತೆ ಬೆರೆಯುತ್ತದೆ ಅಂತ ಕೊಡಗಿನ ಬೆಳೆಗಾರರು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದಿಗೆ ಕೆಜಿಗೆ ಕನಿಷ್ಠ 500 ರೂಪಾಯಿ ಬೆಲೆ ಕಟ್ಟಿದ ಮೇಲೂ ಆ ದೂರು ನಿಂತಿಲ್ಲ. ಹೊರಗಿನದು ಅಂದ ಮಾತ್ರಕ್ಕೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಆದರೆ ಅದರ ಹೆಸರಲ್ಲೇ ಮಾರಲಿ ಅಲ್ವಾ? ಆಮದು ಆಹಾರದ ಪ್ಯಾಕೆಟ್ ಮೇಲೆ ದೇಶದ ಹೆಸರು, ಆಮದು ಮಾಡಿದವರ ವಿಳಾಸ ಎರಡೂ ಕಡ್ಡಾಯ. ಮೂಟೆ ಬಿಚ್ಚಿ ಇಲ್ಲೇ ಸಣ್ಣ ಪ್ಯಾಕೆಟ್ ಮಾಡಿದರೆ ಯಾರು ನೋಡುತ್ತಾರೆ?

ದೂರು ಕೊಟ್ಟು ಅನುಭವ ಇರುವವರು ಹೇಳಿ, ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪಲ್ಲಿ ಹಾಕಿದರೆ ಅಧಿಕಾರಿಗಳು ಬರುತ್ತಾರಾ, ಇಲ್ಲಾ ತೂಕ-ಅಳತೆ ನೋಡುವ ಕಾನೂನು ಮಾಪನ ಇಲಾಖೆಗೆ ಹೋಗಬೇಕಾ? 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಮೈಸೂರಲ್ಲಿ ಯಾರಾದರೂ ಹಾಗೆ ಮಾಡಿಸಿದ್ದೀರಾ, ಎಷ್ಟಾಯಿತು? ಬಿಲ್ಲು, ಪ್ಯಾಕೆಟ್ ಎರಡೂ ಹಾಗೇ ಇಟ್ಟಿದ್ದೇನೆ. ತೋಟ ಇರುವವರು ಕಾಳಿನ ಫೋಟೋ ನೋಡಿ ಏನಾದರೂ ಗೊತ್ತಾದರೆ ಖಂಡಿತ ತಿಳಿಸಿ.